ಪಂಚಾಂಗದ ಕತ್ತಿ

ಫೋನು ಬಂದಾಗ ಫಿಲೋಮಿನಾ ಇಗರ್ಜಿಯ ಬಲಿಪೀಠದ ಬಿಳಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ಅಂದು ಮಂಗಳವಾರ, ಮಧ್ಯಾಹ್ನ ಎರಡಕ್ಕೆ ಹತ್ತು ನಿಮಿಷವಿತ್ತು. ಈಸ್ಟ್‌ಗೇಟಿನ ಆ ಸಣ್ಣ ಮನೆಯ ಹಿಂದೆ ಹೆದ್ದಾರಿಯ ಮೊರೆತ ಎಂದಿನಂತೆ ನಡೆದೇ ಇತ್ತು.

"ಆಂಟಿ, ಕೂತಿದ್ದೀರಾ?" ಎಂದು ತಮ್ಮನ ಮಗಳು ಗ್ಲೋರಿಯಾ ಕೇಳಿದಳು.

ಈ ಪರದೇಶದಲ್ಲೇ ಹುಟ್ಟಿದ ಗ್ಲೋರಿಯಾ ಯಾವಾಗಲೂ ಇಂಗ್ಲಿಷಿನಲ್ಲಿ ಮಾತು ಶುರುಮಾಡುವವಳು. ಅಂದು ಮೊದಲ ಮಾತೇ ಕೊಂಕಣಿಯಲ್ಲಿ ಬಂತು. ಫಿಲೋಮಿನಾರಿಗೆ ಅಷ್ಟರಲ್ಲೇ ಅರ್ಧ ಗೊತ್ತಾಗಿಹೋಯಿತು.

"ನಿಂತಿದ್ದೇನೆ. ಹೇಳು ಮಗಾ."

"ಪಪ್ಪ ಹೋದ್ರು."

ಮುಂದಿನದೆಲ್ಲ ಅವರ ಕಿವಿಗೆ ತುಂಡು ತುಂಡಾಗಿ ಬಿತ್ತು. ಎಚ್ಚರವಾದದ್ದು ಸುಟ್ಟ ವಾಸನೆಗೆ. ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆಯೇ ನಿಂತು, ಬಿಳಿಯ ನಡುವೆ ಕಂದು ಬಣ್ಣದ ಗುರುತೊಂದನ್ನು ಬಿಟ್ಟಿತ್ತು.

ಐವನ್‌ಗೆ ಅರವತ್ತೆರಡು ವರ್ಷ. ಹುಡುಗನಾಗಿದ್ದಾಗ ಮಂಗಳೂರಿನಲ್ಲಿ ಪೂಜಾಪಾತ್ರೆಗಳ ಮೇಲೆ ಕೆತ್ತನೆ ಕಲಿತವನು. ಆಮೇಲೆ ಮೂರು ವರ್ಷ ಜರ್ಮನಿಯ ಒಬ್ಬ ಮುದುಕ ಕಸುಬುದಾರನ ಕೈಕೆಳಗೆ ಕೆಲಸ ಮಾಡಿ, ಹಳೆಯ ಲೋಹಕ್ಕೆ ಮತ್ತೆ ಜೀವ ತರುವ ವಿದ್ಯೆಯನ್ನು ಪಡೆದವನು. ಈ ಮೇ ತಿಂಗಳಿಂದ ಅವನ ಕೆಲಸ ಸಮಾಮಿಶ್‌ನಲ್ಲಿ, ಸುಪ್ರೀತ್ ಎಂಬ ಮೈಸೂರು ಕಡೆಯ ಸಾಫ್ಟ್‌ವೇರ್ ಉದ್ಯಮಿಯ ಮನೆಯಲ್ಲಿ. ಯುರೋಪಿನ ಹಳೆಯ ರಾಜರೂ ಸಾಮಂತರೂ ಬೇಟೆಗೆ ಒಯ್ಯುತ್ತಿದ್ದ ಚಿತ್ತಾರದ ಆಯುಧಗಳನ್ನು ಕೂಡಿಹಾಕುವುದು ಸುಪ್ರೀತನ ಹುಚ್ಚು. ಅವುಗಳನ್ನು ಒರೆಸಿ, ಸರಿಪಡಿಸಿ ಇಡುವುದು ಐವನ್‌ನ ಕೆಲಸ.

ಆ ಮಂಗಳವಾರ ಮಧ್ಯಾಹ್ನ ಸುಪ್ರೀತ್ ಮನೆಗೆ ಬಂದಾಗ ಐವನ್ ಆಯುಧಗಳ ಕೋಣೆಯ ನಡುವೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದ. ಕಣ್ಣು ತೆರೆದಿತ್ತು. ಮೊಣಕಾಲುಗಳ ಮೇಲೆ ಅಡ್ಡಲಾಗಿ ಒಂದು ಬೇಟೆಗತ್ತಿ ಇತ್ತು. ಮೈಮೇಲೆ ಎಲ್ಲಿಯೂ ಗಾಯವಿಲ್ಲ, ಒಂದು ತೊಟ್ಟು ರಕ್ತವಿಲ್ಲ. ಹೃದಯ ನಿಂತಿರಬಹುದು, ಪೂರ್ತಿ ವರದಿಗೆ ಕೆಲವು ವಾರ ಬೇಕು ಎಂದು ಪೊಲೀಸರು ಹೇಳಿ ಹೋದರು.

ಒಂದೇ ಒಂದು ಸಂಗತಿ ಫಿಲೋಮಿನಾರನ್ನು ಕೊರೆಯುತ್ತಿತ್ತು. ಐವನ್‌ನ ಬಿಳಿ ಹತ್ತಿಯ ಕೈಗವಸುಗಳು ಅವನ ಅಂಗಿಯ ಜೇಬಿನಲ್ಲಿ ಮಡಿಸಿಟ್ಟಂತೆ ಇದ್ದವು. ನಲವತ್ತು ವರ್ಷ ಬರಿಗೈಯಲ್ಲಿ ಉಕ್ಕನ್ನು ಮುಟ್ಟದಿದ್ದವನು ಅಂದು ಕೈಗವಸು ಬಿಚ್ಚಿ ಕತ್ತಿ ಹಿಡಿದಿದ್ದ.

ನಾಲ್ಕನೆಯ ದಿನ ಎರಡನೆಯ ಪೆಟ್ಟು ಬಿತ್ತು. ಸುಪ್ರೀತ್ ಕರೆಸಿದ ಪರಿಣತನೊಬ್ಬ ಕತ್ತಿಯನ್ನು ನೋಡಿ, ಇದು ಐನೂರು ವರ್ಷದ್ದಲ್ಲ, ಹೆಚ್ಚೆಂದರೆ ನಲವತ್ತು ವರ್ಷದ್ದು ಎಂದುಬಿಟ್ಟ. ಸಂಜೆಯೊಳಗೆ ಮಾತು ಊರೆಲ್ಲ ಹರಡಿತು. ಐವನ್ ಅಸಲನ್ನು ಸಾಗಿಸಿ ನಕಲನ್ನು ಇಟ್ಟಿದ್ದಾನೆ, ಸಿಕ್ಕಿಬೀಳುವ ಹೆದರಿಕೆಗೆ ಎದೆ ಒಡೆದಿದೆ. ಭಾನುವಾರ ಪೂಜೆ ಮುಗಿದು ಕಾಫಿಗೆ ಸೇರಿದ ಜನ ಫಿಲೋಮಿನಾ ಒಳಗೆ ಕಾಲಿಟ್ಟೊಡನೆ ಸುಮ್ಮನಾದರು.

ಮಣ್ಣು ಮಾಡುವುದು ಮಂಗಳವಾರಕ್ಕೆ ನಿಗದಿಯಾಗಿತ್ತು. ಕಳ್ಳ ಎಂಬ ಹೆಸರು ಹೊತ್ತು ಐವನ್ ಮಣ್ಣಿಗೆ ಇಳಿಯಬಾರದು. ಅವರಿಗೆ ಉಳಿದಿದ್ದದ್ದು ಸೋಮವಾರ ಒಂದೇ ದಿನ.

* * *

ಸೋಮವಾರ ಊಟವಾದ ಮೇಲೆ ದ್ವಾರಕಾನಾಥರು ಮಗಳ ಕಾರನ್ನು ತಂದು ಬಾಗಿಲಲ್ಲಿ ನಿಲ್ಲಿಸಿದರು. ಎರಡು ಬೀದಿಯಾಚೆಯ ನೆರೆಯವರು. ಮೈಸೂರಿನಲ್ಲಿ ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ಬೆರಳಚ್ಚು ನೋಡಿ ನಿವೃತ್ತರಾದವರು. ವಯಸ್ಸು ಎಪ್ಪತ್ತೆರಡಾದರೂ ಕಿಸೆಯಲ್ಲಿ ಭೂತಗನ್ನಡಿ ಇಲ್ಲದೆ ಹೊರಡುತ್ತಿರಲಿಲ್ಲ.

ಸಮಾಮಿಶ್‌ನ ಪ್ರಸ್ಥಭೂಮಿಯ ಏರಿನಲ್ಲಿ ಮಂಜು ರಸ್ತೆಗೆ ಇಳಿದಿತ್ತು. 

"ಊರವರೆಲ್ಲ ಗೌರವಕ್ಕೆ ನಿಮ್ಮನ್ನ ಬಾಯಿ ಬಾಯಿ ಅಂತಾರೆ. ಬಾಯಿ ಬಿಡೋದನ್ನ ಮಾತ್ರ ನಾನು ನೋಡೇ ಇಲ್ಲ," ಎಂದರು ದ್ವಾರಕಾನಾಥ.

"ಕಾರು ಬಿಡುವಾಗ ನೀವೂ ಬಾಯಿ ಮುಚ್ಚಿದರೆ ಒಳ್ಳೆಯದು ಮಾರಾಯ್ರೆ. ಎಡಗಡೆ ಜಿಂಕೆ ಉಂಟು."

ಜಿಂಕೆ ಯಾರದೋ ಅಂಗಳದ ಗುಲಾಬಿ ಗಿಡವನ್ನು ಮೇಯುತ್ತಿತ್ತು. ಕಾರು ನಿಂತರೂ ಹೆದರಲಿಲ್ಲ. ತಲೆಯೆತ್ತಿ ಫಿಲೋಮಿನಾರ ಮುಖವನ್ನೇ ನೋಡಿ, ರಸ್ತೆ ದಾಟಿ ಮಂಜಿನೊಳಗೆ ಹೋಯಿತು.

ತಮ್ಮ ಸತ್ತ ಜಾಗದಲ್ಲಿ ಒಂದು ಪ್ರಾರ್ಥನೆ ಹೇಳಬೇಕು ಎಂದು ಅವರು ಸುಪ್ರೀತನನ್ನು ಕೇಳಿಕೊಂಡಿದ್ದರು. ಅದು ನಿಜವೂ ಆಗಿತ್ತು. ಬೇಡ ಎನ್ನಲು ಅವನಿಗೆ ನಾಲಗೆ ಬಂದಿರಲಿಲ್ಲ.

ಸುಪ್ರೀತ್‌ಗೆ ನಲವತ್ತೈದು ಇರಬಹುದು. ನಿದ್ದೆಗೆಟ್ಟ ಕಣ್ಣು, ಕ್ಷೌರವಿಲ್ಲದ ಗಲ್ಲ. ಅವನು ಬಾಗಿಲಿನ ಪಕ್ಕದ ಗುಂಡಿಗಳನ್ನು ಒತ್ತಿ ನೆಲಮಾಳಿಗೆಯ ಕೋಣೆಯನ್ನು ತೆರೆದ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೋಗಿದ್ದಾಳೆಂದೂ, ಈ ಕೋಣೆ ಖಾಲಿಯಾಗುವವರೆಗೆ ಬರುವುದಿಲ್ಲವೆಂದೂ ನಡುವೆ ಹೇಳಿದ.

ಕಿಟಕಿಯಿಲ್ಲದ ಉದ್ದನೆಯ ಕೋಣೆ. ಒಳಗೆ ಕತ್ತಲು. ಎಲ್ಲೋ ಒಂದು ಯಂತ್ರ ಗಾಳಿಗೆ ತೇವ ಬೆರೆಸುತ್ತ, ನಿದ್ದೆಯಲ್ಲಿರುವ ಮನುಷ್ಯನಂತೆ ಉಸಿರು ಬಿಡುತ್ತಿತ್ತು. ಒಂದು ಗಾಜಿನ ಪೆಟ್ಟಿಗೆಯ ಮುಂದೆ ಹೋದರೆ ಅದರ ದೀಪ ತಾನಾಗಿ ಹೊತ್ತಿಕೊಳ್ಳುತ್ತಿತ್ತು. ಮುಂದೆ ನಡೆದರೆ ಆರುತ್ತಿತ್ತು.

ಮೊದಲು ಬೆಳಗಿದ್ದು ಒಂದು ಅಡ್ಡಬಿಲ್ಲು. ಅದರ ಮರದ ಮೈತುಂಬ ಸಾರಂಗದ ಕೊಂಬಿನ ಬಿಳಿ ತುಣುಕುಗಳನ್ನು ಕೂಡಿಸಿದ್ದರು. ಪ್ರತಿ ತುಣುಕಿನಲ್ಲಿಯೂ ಓಡುವ ಒಂದು ಮೊಲ. ಅದರಾಚೆ ಚಕ್ರ ತಿರುಗಿ ಕಿಡಿ ಹಾರಿಸುವ ಕೀಲಿನ ಬಂದೂಕು. ಅದರ ಹಿಡಿಯಲ್ಲಿ ಹದಿನೆಂಟು ಬೇಟೆನಾಯಿಗಳು ಒಂದು ಗಂಡು ಜಿಂಕೆಯನ್ನು ಮುತ್ತಿದ್ದವು. ನಾಯಿಗಳ ಕಣ್ಣಿಗೆ ಕೆಂಪು ಹರಳು. ಜಿಂಕೆಯ ಕಣ್ಣಿಗೆ ಏನೂ ಇಲ್ಲ, ಎರಡು ತೂತು ಮಾತ್ರ. ಕೊಲ್ಲುವ ಸಾಧನಕ್ಕೆ ಇಷ್ಟು ಪ್ರೀತಿಯಿಂದ ಒಡವೆ ತೊಡಿಸಿದವರು ಎಂಥ ಜನರಿರಬಹುದು ಎಂದು ಫಿಲೋಮಿನಾ ಯೋಚಿಸಿದರು. ಆ ಯೋಚನೆಯಲ್ಲಿರುವಾಗಲೇ ಕೋಣೆಯ ತುತ್ತತುದಿಯಲ್ಲಿ ಒಂದು ಪೆಟ್ಟಿಗೆಯ ದೀಪ ಹೊತ್ತಿಕೊಂಡಿತು. ಅಲ್ಲಿ ಯಾರೂ ಇರಲಿಲ್ಲ.

"ಸೆನ್ಸರ್ ಸರಿ ಇಲ್ಲ. ಟ್ಯೂಸ್‌ಡೇಯಿಂದ ಹೀಗೇ ಆಗ್ತಿದೆ," ಎಂದ ಸುಪ್ರೀತ್. ಅವನ ದನಿ ಆ ಮಾತನ್ನು ನಂಬಿದಂತಿರಲಿಲ್ಲ.

ದೀಪ ಹೊತ್ತಿದ್ದ ಪೆಟ್ಟಿಗೆಯಲ್ಲೇ ಆ ಕತ್ತಿ ಇತ್ತು.

ಫಿಲೋಮಿನಾ ಅದರ ಮುಂದೆ ಮೊಣಕಾಲೂರಿ ಪ್ರಾರ್ಥನೆ ಮುಗಿಸಿದರು. ಏಳುವಾಗ ಅವರ ಮುಖ ಅಲಗಿನ ಮಟ್ಟಕ್ಕೆ ಬಂತು. ಅಗಲವಾದ ಅಲಗಿನ ತುಂಬ ಇರುವೆಸಾಲಿನಂತೆ ಅಕ್ಷರಗಳು. ಸುತ್ತ ಚಿನ್ನದ ಬಳ್ಳಿ. ಹಿಡಿಯ ಬಳಿ 1534 ಎಂಬ ಇಸವಿ.

"ಇದೆಂಥದು ಬರೆದದ್ದು?"

ಸುಪ್ರೀತ್ ವಿವರಿಸಿದ. ಇದು ಪಂಚಾಂಗದ ಕತ್ತಿ. ವರ್ಷದ ಮುನ್ನೂರ ಅರವತ್ತೈದು ದಿನಗಳನ್ನೂ, ಆಯಾ ದಿನದ ಸಂತರ ಹೆಸರನ್ನೂ ಆಮ್ಲದಿಂದ ಅಲಗಿನ ಮೇಲೆ ಕೊರೆಯುತ್ತಿದ್ದರು. ಕಾಡಿನಲ್ಲಿ ವಾರಗಟ್ಟಲೆ ಬೇಟೆಯಾಡುವ ಪ್ರಭು ಇದನ್ನು ನೋಡಿ ಇಂದು ಉಪವಾಸವೋ ಹಬ್ಬವೋ ಎಂದು ತಿಳಿಯುತ್ತಿದ್ದ. ತಾನು ಕೊಂದದ್ದನ್ನು ತಾನು ತಿನ್ನಬಹುದೋ ಇಲ್ಲವೋ ಎಂದು ಅದೇ ಕತ್ತಿಯನ್ನು ಕೇಳುತ್ತಿದ್ದ.

ದ್ವಾರಕಾನಾಥರು ಆಗಲೇ ಭೂತಗನ್ನಡಿ ತೆಗೆದಿದ್ದರು. ಅಲಗಿನ ತುದಿಗೆ ಹತ್ತಿರ, ಕೊನೆಯ ಸಾಲುಗಳ ಮೇಲೆ, ಕಂದು ಬಣ್ಣದ ಒಂದು ಕಲೆ ಇತ್ತು. ಬರಿಗೈಯ ಬೆವರು ಉಕ್ಕನ್ನು ತಿಂದು ಆರು ದಿನದಲ್ಲಿ ತುಕ್ಕಾಗಿ ಎದ್ದಿತ್ತು. ಸತ್ತವನ ಹೆಬ್ಬೆರಳು, ಒಂದೊಂದು ಗೆರೆಯೂ ಎಣಿಸುವಷ್ಟು ಸ್ಪಷ್ಟವಾಗಿ.

"ನಡುವೆ ಅಡ್ಡಗೆರೆ ಇದೆ. ಹಳೇ ಗಾಯ," ಎಂದರು.

"ಅದು ಐವನ್‌ನದೇ. ಹನ್ನೊಂದು ವರ್ಷದವನಿದ್ದಾಗ ಉಳಿ ತಾಗಿಸಿಕೊಂಡದ್ದು. ಬಟ್ಟೆ ಕಟ್ಟಿದವಳು ನಾನು."

ದ್ವಾರಕಾನಾಥರು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಿಯನ್ನು ಮಡಿಸಿದರು.

"ಬಾಯಿಯವ್ರೇ, ಸುಮ್ಮನೆ ತಾಗಿದ ಬೆರಳು ಹೀಗೆ ಬೀಳಲ್ಲ. ಉಗುರಿನ ಈ ಅಂಚಿಂದ ಆ ಅಂಚಿನವರೆಗೆ ಉರುಳಿಸಿ ಒತ್ತಿದೆ. ಸ್ಟೇಷನ್ನಲ್ಲಿ ನಾವು ಆರೋಪಿ ಕೈ ಹಿಡಿದು ಒತ್ತಿಸ್ತೀವಲ್ಲ, ಥೇಟ್ ಹಾಗೆ. ಬೇಕು ಅಂತಲೇ ಒತ್ತಿದ್ದಾರೆ." ಕನ್ನಡಿಯನ್ನು ಕಿಸೆಗೆ ಹಾಕಿ ಹೇಳಿದರು, "ಇಲ್ಲಾ, ಯಾರೋ ಅವರ ಕೈ ಹಿಡಿದು ಒತ್ತಿಸಿದ್ದಾರೆ."

ಯಂತ್ರ ಒಮ್ಮೆ ಉಸಿರು ಬಿಟ್ಟಿತು.

ಫಿಲೋಮಿನಾ ಕನ್ನಡಕ ಸರಿಪಡಿಸಿಕೊಂಡರು. ಅವರು ಮಂಗಳೂರಿನ ಒಂದು ಸಣ್ಣ ಅಚ್ಚುಕೂಟದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವರು. ಪ್ರತಿ ವರ್ಷ ಇಗರ್ಜಿಯ ಗೋಡೆ ಕ್ಯಾಲೆಂಡರಿನ ಕರಡು ಅವರ ಕೈದಾಟಿಯೇ ಹೋಗುತ್ತಿತ್ತು. ಮೇಲಿನಿಂದ ಓದಿದರೆ ಮನಸ್ಸು ಮುಂದೋಡಿ ತಪ್ಪನ್ನು ನುಂಗಿಬಿಡುತ್ತದೆ. ಆದ್ದರಿಂದ ಅವರು ಕ್ಯಾಲೆಂಡರನ್ನು ಡಿಸೆಂಬರ್ ಮೂವತ್ತೊಂದರಿಂದ ಹಿಂದಕ್ಕೆ ಓದುತ್ತಿದ್ದರು. ಈಗಲೂ ಹಾಗೆಯೇ ತುದಿಯಿಂದ ಶುರುಮಾಡಿದರು. ಕ್ರಿಸ್ಮಸ್. ಸಂತ ತೋಮರು. ಸಂತ ಲೂಸಿ. ಸಂತ ನಿಕೋಲಾಸ್. ಲ್ಯಾಟಿನಿನ ಮೊಟಕು ಅಕ್ಷರಗಳಾದರೂ ಆ ಸಾಲು ಅವರಿಗೆ ಮನೆಯ ಮೆಟ್ಟಿಲುಗಳಷ್ಟು ಪರಿಚಿತ.

ತುಕ್ಕಿನ ಗೆರೆಗಳ ಅಡಿಯಲ್ಲಿ ಅವರ ಕಣ್ಣು ನಿಂತಿತು.

ಡಿಸೆಂಬರ್ ಮೂರು. ಸಂತ ಫ್ರಾನ್ಸಿಸ್ ಝೇವಿಯರ್.

ಕರಾವಳಿಯ ಯಾವ ಕ್ರೈಸ್ತರ ಮನೆಯಲ್ಲಿಯೂ ಆ ದಿನವನ್ನು ಯಾರೂ ಮರೆಯುವುದಿಲ್ಲ. ಒಂಬತ್ತು ದಿನ ಮೊದಲೇ ನೊವೆನಾ ಪ್ರಾರ್ಥನೆ ಶುರು. ಹಳೆ ಗೋವಾದಲ್ಲಿ ಆ ಸಂತನ ಶರೀರವಿದೆ, ಪ್ರತಿ ಮನೆತನದಲ್ಲಿ ಅವನ ಹೆಸರಿಟ್ಟುಕೊಂಡವನೊಬ್ಬ ಇದ್ದಾನೆ. ಕರಾವಳಿಯ ಕೆತ್ತನೆಗಾರನೊಬ್ಬನ ಕೈ ಆ ದಿನಕ್ಕೆ ಬಂದಾಗ ಇನ್ನು ಯಾವ ಹೆಸರನ್ನು ತಾನೇ ಕೊರೆದೀತು?

ಆದರೆ ಸಾವಿರದ ಐನೂರ ಮೂವತ್ತನಾಲ್ಕರಲ್ಲಿ ಫ್ರಾನ್ಸಿಸ್ ಝೇವಿಯರ್ ಬದುಕಿದ್ದ. ಪ್ಯಾರಿಸ್ಸಿನಲ್ಲಿ ಓದುತ್ತಿದ್ದ ಯುವಕ. ಅವನು ತೀರಿಕೊಂಡದ್ದು ಹದಿನೆಂಟು ವರ್ಷ ಕಳೆದು, ಸಂತನೆಂದು ಘೋಷಣೆಯಾದದ್ದು ಇನ್ನೂ ಎಪ್ಪತ್ತು ವರ್ಷ ದಾಟಿ.

ಹಳೆಯ ಪಂಚಾಂಗ ಬಲ್ಲ ಯಾವ ಜರ್ಮನ್ ಕಸುಬುದಾರನೂ ಈ ತಪ್ಪನ್ನು ಮಾಡಲಾರ. ಜರ್ಮನಿಗೆ ಹೋಗಿ ಈ ವಿದ್ಯೆ ಕಲಿತ ನಮ್ಮವನೊಬ್ಬನೇ ಮಾಡಬಲ್ಲ. ಐವನ್.

ಫಿಲೋಮಿನಾ ಪೆಟ್ಟಿಗೆಯಿಂದ ಹಿಂದೆ ಸರಿದರು. ಐವನ್ ಪ್ರಾಣ ಬಿಟ್ಟ ಕುರ್ಚಿ ಎಂದು ತಿಳಿದೂ ಅದರ ಮೇಲೆಯೇ ಕುಳಿತರು. ಸುಮ್ಮನಿದ್ದುಬಿಡಬಹುದಿತ್ತು. ಪರಿಣತನಿಗೂ ಕಾಣದ ಸಾಲು ಅದು. ಹೇಳಿದರೆ ನಕಲು ಐವನ್‌ನ ಕೈಯದ್ದೇ ಎಂದು ತಾವೇ ಸಾಕ್ಷಿ ನುಡಿದಂತೆ. ಆದರೆ ಕಂಡ ತಪ್ಪಿಗೆ ಗುರುತು ಹಾಕದೆ ಕಾಗದವನ್ನು ಮುಂದೆ ದಾಟಿಸುವುದು ಅವರ ಕೈಗೆ ಅಭ್ಯಾಸವಿರಲಿಲ್ಲ. ಮತ್ತೆ, ಐವನ್ ಬೆರಳಿಟ್ಟು ತೋರಿಸಿದ್ದನ್ನು ಅಕ್ಕನೇ ಮುಚ್ಚಿಟ್ಟರೆ ಹೇಗೆ?

ಅವರು ಎಲ್ಲವನ್ನೂ ಹೇಳಿದರು.

ಸುಪ್ರೀತ್ ಗೋಡೆಗೆ ಒರಗಿಕೊಂಡು ಕೇಳಿದ. "ಸೋ, ನೀವೇ ಒಪ್ಕೊಳ್ತಿದೀರಿ. ನನ್ನ ಕತ್ತಿ ಬದಲಾಯಿಸಿದ್ದು ನಿಮ್ಮ ತಮ್ಮನೇ."

"ಮಾಡಿದ್ದು ಅವನು ಎಂದೆ. ಬದಲಾಯಿಸಿದ ಎನ್ನಲಿಲ್ಲ. ನೀವು ಕೊಂಡುಕೊಂಡಾಗಿನ ಫೋಟೋ ಉಂಟಾ?"

"ಪ್ರತಿ ಇಂಚಿಂದೂ ಇದೆ."

"ಹಾಗಾದರೆ ಡಿಸೆಂಬರ್ ತೋರಿಸಿ."

ಅವನು ಟ್ಯಾಬ್ಲೆಟ್ ತಂದು, ಎರಡು ವರ್ಷದ ಹಿಂದಿನ ಚಿತ್ರವೊಂದನ್ನು ತೆರೆದು ಬೆರಳಿನಿಂದ ಹಿಗ್ಗಿಸಿದ. ಮಸುಕಾಯಿತು, ಮತ್ತೆ ತಿಳಿಯಾಯಿತು. ಚಿನ್ನದ ಬಳ್ಳಿಯ ನಡುವೆ, ಡಿಸೆಂಬರ್ ಮೂರರ ಎದುರು, ಅದೇ ಸಂತನ ಹೆಸರು.

 ಲೆಕ್ಕ ಸರಳವಾಗಿತ್ತು. ಐವನ್ ಈ ಮನೆಗೆ ಕಾಲಿಟ್ಟದ್ದು ಈ ಮೇ ತಿಂಗಳಲ್ಲಿ. ಕತ್ತಿ ಬಂದದ್ದು ಅದಕ್ಕೂ ಒಂದೂವರೆ ವರ್ಷ ಮೊದಲು, ಇದೇ ಹೆಸರನ್ನು ಹೊತ್ತುಕೊಂಡು. ಇಲ್ಲಿ ಅಸಲು ಎಂಬುದು ಎಂದೂ ಇರಲೇ ಇಲ್ಲ. ಯಾವ ಕಾಲದಲ್ಲೋ ಗುರುವಿನ ಮುಂದೆ ಕೂತು ಕೈ ಪಳಗಿಸಿಕೊಳ್ಳಲು ಮಾಡಿದ ಕೆಲಸ, ನಲವತ್ತು ವರ್ಷ ಕಳೆದು ಗಾಜಿನ ಪೆಟ್ಟಿಗೆಯೊಳಗೆ ರಾಜನ ಆಯುಧವಾಗಿ ಐವನ್‌ಗೆ ಎದುರಾಗಿತ್ತು.

"ಅವನು ಕಳ್ಳನಲ್ಲ," ಎಂದರು ಫಿಲೋಮಿನಾ. ಆರು ದಿನಗಳಲ್ಲಿ ಮೊದಲ ಬಾರಿ ಅವರ ಕಣ್ಣಲ್ಲಿ ನೀರು ಬಂತು.

"ಸತ್ಯ ಹೇಳೋಕೆ ಹೊರಟಿದ್ರು ಅನ್ಸುತ್ತೆ," ಎಂದರು ದ್ವಾರಕಾನಾಥ. "ಹಾಗಾದ್ರೆ ಇದನ್ನ ಮಾರಿದವರಿಗೆ ಅದು ಬೇಕಿರಲಿಲ್ಲ. ಯಾರು ಮಾರಿದ್ದು, ಸುಪ್ರೀತ್?"

 ಸುಪ್ರೀತ್ ಬಾಗಿಲಿನ ಬೀಗದ ವಿಷಯ ಎತ್ತಿದ. ಆ ದಿನ ಐವನ್‌ಗೆ ಕೊಟ್ಟಿದ್ದ ಅಂಕೆಗಳಿಂದ ಬಾಗಿಲು ಎರಡು ಸಲ ತೆರೆದಿತ್ತು, ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಒಮ್ಮೆ, ಹತ್ತೂ ನಲವತ್ತಕ್ಕೆ ಇನ್ನೊಮ್ಮೆ. ಪೊಲೀಸರು ಅದನ್ನು ಲೆಕ್ಕಕ್ಕೆ ತಂದಿರಲಿಲ್ಲ. ಗಾಳಿಗೆ ಹೊರಗೆ ಹೋಗಿ ಬಂದಿರಬಹುದು ಎಂದಿದ್ದರು.

"ನಾನು ಕೇಳಿದ್ದು ಬೇರೆ," ಎಂದರು ದ್ವಾರಕಾನಾಥ.

"ಹೇಳಲ್ಲ ಅಂತ ಪ್ರಾಮಿಸ್ ಮಾಡಿದೀನಿ ಅಂಕಲ್."

ಫಿಲೋಮಿನಾ ಕುರ್ಚಿಯಿಂದ ಎದ್ದರು. ಅವನ ಎದುರು ನಿಂತಾಗ ಅವರ ತಲೆ ಅವನ ಭುಜಕ್ಕೂ ಬರುತ್ತಿರಲಿಲ್ಲ.

"ನಾಳೆ ಹತ್ತು ಗಂಟೆಗೆ ನನ್ನ ತಮ್ಮನಿಗೆ ಮಣ್ಣು ಕೊಡ್ತೇವೆ. ಕಳ್ಳ ಎಂದು ಊರಿಗೆ ಹೇಳುವಾಗ ನಿಮಗೆ ಯಾರ ಮಾತೂ ಅಡ್ಡ ಬರಲಿಲ್ಲ. ಈಗ ಮಾತ್ರ ಅಡ್ಡ ಬರ್ತದಾ?"

ಅವನು ತಲೆ ತಗ್ಗಿಸಿದ. ಮೇಲಕ್ಕೆ ಹೋಗಿ ಒಂದು ಕಾಗದ ಹಿಡಿದು ಬಂದ. ಈ ಕತ್ತಿ ಜರ್ಮನಿಯ ಸಾಮಂತ ಮನೆತನವೊಂದರದ್ದು, ಆ ಮನೆತನದ ಕಸುಬುದಾರ ತನ್ನ ಶಿಷ್ಯನಿಗೆ ಉಡುಗೊರೆಯಾಗಿ ಕೊಟ್ಟದ್ದು, ಆ ಶಿಷ್ಯನೇ ಆದ ತಂದೆಯಿಂದ ಅದು ತನಗೆ ಬಂದಿದೆ ಎಂದು ಮಾರಿದವರು ಅದರಲ್ಲಿ ಬರೆದಿದ್ದರು. ಕೆಳಗೆ ಸಹಿ ಇತ್ತು.

ಫಿಲೋಮಿನಾ ಕೆಳಗಿನಿಂದಲೇ ಓದಿದರು. ಗ್ಲೋರಿಯಾ.

"ಪಪ್ಪನಿಗೆ ಗೊತ್ತಾಗ್ಬಾರ್ದು ಅಂದಿದ್ಳು," ಎಂದ ಸುಪ್ರೀತ್ ತಗ್ಗಿದ ದನಿಯಲ್ಲಿ. "ಅವರನ್ನ ಕೆಲಸಕ್ಕೆ ಕರೀಬೇಡಿ ಅಂತಾನೂ ಹೇಳಿದ್ಳು. ಅವರಷ್ಟು ಚೆನ್ನಾಗಿ ಮಾಡೋರು ಬೇರೆ ಸಿಗ್ಲಿಲ್ಲ. ಈ ಕತ್ತಿ ಮಾತ್ರ ಬೇರೆ ಕಡೆ ಇಟ್ಟಿದ್ದೆ. ಅವರು ಹೋಗೋಕೆ ಎರಡು ದಿನ ಮೊದಲು, ಸಂಡೇ, ಇಲ್ಲಿಗೆ ತಂದಿಟ್ಟೆ."

* * *

ಸಂಜೆ ಆರಕ್ಕೆ ಫ್ಯಾಕ್ಟೋರಿಯಾ ಬಡಾವಣೆಯ ಗ್ಲೋರಿಯಾಳ ಅಪಾರ್ಟ್‌ಮೆಂಟಿನಲ್ಲಿ ಜಪಮಾಲೆಯ ಪ್ರಾರ್ಥನೆ. ಇಪ್ಪತ್ತಕ್ಕೂ ಹೆಚ್ಚು ಜನ ಸೇರಿದ್ದರು. ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತವರೂ ಇದ್ದರು. ಐವನ್‌ನ ಚಿತ್ರದ ಮುಂದೆ ಎರಡು ಮೇಣದಬತ್ತಿ ಉರಿಯುತ್ತಿದ್ದವು. ಸುಪ್ರೀತನೂ ಬಂದು ಚಪ್ಪಲಿಗಳ ರಾಶಿಯ ಪಕ್ಕ ನಿಂತಿದ್ದ. ದ್ವಾರಕಾನಾಥರು ಕೈಮುಗಿದು ಮೂಲೆಯಲ್ಲಿ ಕುಳಿತಿದ್ದರು.

ದಾರಿಯುದ್ದಕ್ಕೂ ಫಿಲೋಮಿನಾ ಒಂದೇ ಮಾತನ್ನು ಮನಸ್ಸಿನಲ್ಲಿ ತಿರುವಿಹಾಕಿದ್ದರು. ಇಂದು ಕೇಳುವುದಿಲ್ಲ. ಮಣ್ಣು ಮುಗಿಯಲಿ. ಎತ್ತಿ ಆಡಿಸಿದ ಮಗು, ತಂದೆಯ ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದನ್ನು ಅಸಲೆಂದೇ ನಂಬಿ ಮಾರಿರಬಹುದು. ನಂಬದೆಯೂ ಮಾರಿರಬಹುದು.

ಹಿರಿಯಳೆಂದು ಪ್ರಾರ್ಥನೆ ನಡೆಸುವ ಭಾರ ಅವರ ಮೇಲೆ ಬಿತ್ತು. ಅವರು ಮೊಣಕಾಲೂರಿದರು. ಗ್ಲೋರಿಯಾ ಬಂದು ಪಕ್ಕದಲ್ಲಿ ಊರಿದಳು. 

"ಆಂಟಿ, ಸುಪ್ರೀತ್ ಕಾಲ್ ಮಾಡಿದ್ರು. ಕತ್ತಿ ವಿಷಯ ನಿಮಗೆ ಗೊತ್ತಾಗಿದೆ ಅಂತ ಗೊತ್ತು," ಎಂದು ಕಿವಿಯಲ್ಲಿ ಉಸುರಿದಳು.

ಫಿಲೋಮಿನಾ ತಲೆ ತಿರುಗಿಸಲಿಲ್ಲ.

ಅಂದು ಹತ್ತೂ ನಲವತ್ತಕ್ಕೆ ತಾನು ಅಲ್ಲಿಗೆ ಹೋಗಿದ್ದು ನಿಜ, ಪಪ್ಪನೇ ಅಂಕೆಗಳನ್ನು ಹೇಳಿ ಬರಹೇಳಿದ್ದರು, ಕ್ಷಮೆ ಕೇಳಲೆಂದೇ ತಾನು ಹೋದದ್ದು ಎಂದು ಗ್ಲೋರಿಯಾ ಹೇಳಿದಳು. ಆದರೆ ತಾನು ಹೋಗುವಾಗಲೇ ಪಪ್ಪ ಕುರ್ಚಿಯಲ್ಲಿ ಹಾಗೆ ಕುಳಿತಿದ್ದರು. ಮೈ ಇನ್ನೂ ಬೆಚ್ಚಗಿತ್ತು. ಅವರ ಪಕ್ಕದಲ್ಲಿ ಇನ್ನೊಬ್ಬರು ಬಗ್ಗಿ, ಅವರ ಕೈ ಹಿಡಿದುಕೊಂಡಿದ್ದರು. ಯಾರೋ ಕೈ ಹಿಡಿದು ಒತ್ತಿಸಿದ್ದಾರೆ ಎಂಬ ದ್ವಾರಕಾನಾಥರ ಮಾತು ಫಿಲೋಮಿನಾರಿಗೆ ನೆನಪಾಯಿತು.

"ಯಾರು?"

"ಐ ಕಾಂಟ್, ಆಂಟಿ. ಈಗ ಬೇಡ." ಗ್ಲೋರಿಯಾಳ ಉಗುರು ಅವರ ಮುಂಗೈಗೆ ನಾಟಿತು. "ಅವ್ರು ಈ ರೂಮಲ್ಲೇ ಇದ್ದಾರೆ."

ಬೆನ್ನ ಹಿಂದೆ ಬಟ್ಟೆಗಳು ಸರಸರ ಎಂದವು. ಒಬ್ಬೊಬ್ಬರಾಗಿ ಎಲ್ಲರೂ ಮೊಣಕಾಲೂರುತ್ತಿದ್ದರು. ಯಾರೋ ಗಂಟಲು ಸರಿಪಡಿಸಿಕೊಂಡರು. ಆಮೇಲೆ ಕೋಣೆ ಸದ್ದಡಗಿ, ಅವರ ಮೊದಲ ಮಾತಿಗೆ ಕಾದು ನಿಂತಿತು.

ಫಿಲೋಮಿನಾ ಕಣ್ಣು ಮುಚ್ಚಿದರು. ಶಿಲುಬೆಯ ಗುರುತು ಹಾಕಿ ಶುರುಮಾಡಿದರು. ಒಂದೊಂದು ವಾಕ್ಯಕ್ಕೂ ಹಿಂದಿನಿಂದ ಇಪ್ಪತ್ತು ಕಂಠಗಳು ಒಂದಾಗಿ ಓಗೊಟ್ಟವು. ಐವನ್‌ನ ಕೈ ಹಿಡಿದಿದ್ದವರ ದನಿಯನ್ನು ಅವುಗಳಲ್ಲಿ ಬೇರೆ ಮಾಡಿ ಕೇಳಲು ಅವರು ಯತ್ನಿಸಿದರು, ಆಗಲಿಲ್ಲ. ಎಲ್ಲ ದನಿಗಳೂ ಒಂದೇ ಸಮನೆ ಮೆತ್ತಗಿದ್ದವು, ಒಂದೇ ಸಮನೆ ದುಃಖದಿಂದ ತುಂಬಿದ್ದವು.

"ಕರುಣೆಯ ದೇವರೇ, ನಿನ್ನ ಸೇವಕ ಐವನ್‌ನನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ. ಅವನ ಕೈ ಮಾಡಿದ ಒಳ್ಳೆಯದನ್ನು ನೆನೆ, ತಪ್ಪಿದ್ದನ್ನು ಮನ್ನಿಸು. ಅವನು ಹೇಳದೆ ಹೋದ ಮಾತು ನಿನಗೆ ತಿಳಿದಿದೆ. ನಿನ್ನ ಬೆಳಕಿನಲ್ಲಿ ಅವನಿಗೆ ಜಾಗ ಕೊಡು, ಸ್ವಾಮೀ. ಅವನ ಆತ್ಮ ಶಾಂತಿಯಲ್ಲಿ ವಿಶ್ರಮಿಸಲಿ."

"ಆಮೆನ್," ಎಂದರು ಎಲ್ಲರೂ.